ಎರಡಾಳು ಆಳ

ದುರ್ಗಿಗುಡಿಯ ಅಡ್ಡರಸ್ತೆಯಲ್ಲಿ
ಕ್ಲೆಮೆಂಟನ ಅಂಗಡಿಯ ಗಾಜಿನ ಮೇಲೆ
ಎರಡು ಕ್ಯಾಮೆರಾ.
ಒಂದು ಕೆಂಪು, ಸೋಪಿನ ಡಬ್ಬಿಯಷ್ಟು,
ಇದ್ದ ಹಾಗೇ ನೀರಿಗಿಳಿಯುತ್ತದಂತೆ.
ಇನ್ನೊಂದು ಕಪ್ಪು, ಕಣ್ಣು ದೊಡ್ಡದು,
ನೀರಿಗಿಳಿಯಲು ಅದಕ್ಕೊಂದು ಗಟ್ಟಿ ಅಂಗಿ ಬೇಕು.
ಅಂಗಿಯ ಬೆಲೆ ಮೈಗಿಂತ ಹೆಚ್ಚು.

"ಎಷ್ಟು ಆಳ ಹೋಗ್ತೀರಿ?"
"ಎರಡಾಳು" ಎಂದೆ, "ಹೆಚ್ಚೆಂದರೆ ಮೂರು."
ಅವನು ಕೇಳಿದ್ದು ಮೀಟರಿನಲ್ಲಿ.
ಹೊಳೆಬದಿಯ ನಾವು ಆಳವನ್ನು ಆಳಿನಲ್ಲೇ ಅಳೆಯುವುದು,
ಒಬ್ಬನ ಹೆಗಲ ಮೇಲೆ ಇನ್ನೊಬ್ಬ ನಿಂತಂತೆ.
ಅಗ್ನಿಶಾಮಕ ಠಾಣೆಯಲ್ಲಿ ಹದಿನೆಂಟು ವರ್ಷ,
ಬೆಂಕಿಗಿಂತ ನೀರೇ ನನ್ನ ಪಾಲು:
ಆಳದಿಂದ ಆಳನ್ನು ಮೇಲೆ ತರುವ ಕೆಲಸ.
ಇದನ್ನು ಕ್ಲೆಮೆಂಟನಿಗೆ ಹೇಳಬೇಕಿಲ್ಲ.
ಅವನ ಚಿಕ್ಕಪ್ಪನ ಮಗನನ್ನು
ಸೇತುವೆಯ ಮೂರನೇ ಕಂಬದ ಬುಡದಲ್ಲಿ
ಹುಡುಕಿಕೊಟ್ಟವನು ನಾನೇ.

"ಏನು ತೆಗೀಬೇಕು? ಮೀನಾ?"
ಮೀನಲ್ಲ. ಮೀನು ನಿಲ್ಲುವುದಿಲ್ಲ.
ಕಲ್ಲಿಗೆ ಅಂಟಿದ್ದು, ಕಲ್ಲಿನದೇ ಬಣ್ಣದ್ದು,
ಮರಳ ಕಾಳನ್ನು ಎಂಜಲಲ್ಲಿ ಅಂಟಿಸಿ
ಮನೆ ಕಟ್ಟಿ, ಆ ಮನೆಯನ್ನೇ ಎಳೆದುಕೊಂಡು ಹೊರಡುವ ಹುಳ.
ಆಮೇಲೆ ಸಿಗಡಿ, ಉಗುರಿನಷ್ಟು.
ಮೈ ಎಷ್ಟು ತಿಳಿ ಎಂದರೆ
ತಿಂದದ್ದು ಇಳಿಯುವುದು ಕಾಣುತ್ತದೆ.

ಅದನ್ನು ಮೊದಲು ಕಂಡದ್ದು ಕೆಲಸದ ಮೇಲಿದ್ದಾಗ.
ದಡದಲ್ಲಿ ತಾಯಿ. ಹಗ್ಗದ ತುದಿ ಇಮ್ತಿಯಾಜನ ಕೈಲಿ.
ಬಂಡೆಯ ಸಂದಿಯಲ್ಲಿ ನಾನು ಕೈಯಾಡಿಸುತ್ತಿದ್ದೆ.
ಮಾಸ್ಕಿನ ಗಾಜಿನ ಮುಂದೆ, ಗೇಣೂ ಇಲ್ಲ ದೂರ,
ಹೊಟ್ಟೆಯಡಿ ಹಸಿರು ಮೊಟ್ಟೆ ಹೊತ್ತ ಸಿಗಡಿ
ಕಾಲುಗಳಿಂದ ಅವಕ್ಕೆ ನೀರು ಬೀಸುತ್ತಿತ್ತು.
ನೋಡುತ್ತ ನಿಂತೆ.
ಸಿಲಿಂಡರಿನ ಮೂರು ಉಸಿರು.
ಮೂರೇ, ಲೆಕ್ಕ ಇದೆ.
ಯಾರಿಗೂ ಹೇಳಿಲ್ಲ.

ಕ್ಲೆಮೆಂಟ್ ಹೇಳುತ್ತಲೇ ಇದ್ದ:
ತುಂಗೆಯ ನೀರು ಫೆಬ್ರವರಿಯಲ್ಲೂ ಹಾಲಿಲ್ಲದ ಚಹಾ,
ದೂರದಿಂದ ಫ್ಲ್ಯಾಶ್ ಹೊಡೆದರೆ ಧೂಳೆಲ್ಲ ಹೊಳೆದು
ಚಿತ್ರದ ತುಂಬ ಮಂಡಕ್ಕಿ ಎರಚಿದಂತೆ.
ಹತ್ತಿರ ಹೋದಷ್ಟೂ ನಡುವೆ ನೀರು ಕಡಿಮೆ.
ಕೆಂಪಿನದು ಒಂದು ಸೆಂಟಿಮೀಟರಿಗೂ ಒಪ್ಪುತ್ತದೆ,
ಮೂತಿಗೊಂದು ಬೆಳಕಿನ ಬಳೆ ತೊಡಿಸಬಹುದು.
ಕಪ್ಪಿನದು ತೆಗೆದದ್ದು ಇನ್ನೂ ನಯ, ನಿಜ,
ಆದರೆ ಆ ಅಂಗಿಯ ರಬ್ಬರಿನ ಅಂಚಿನಲ್ಲಿ
ಒಂದು ಕೂದಲು ಕೂತಿದ್ದರೂ ಮುಗಿಯಿತು.

ಒಂದು ಕೂದಲು.
ತಲೆಯಾಡಿಸಿದೆ. ನೀರು ದಾರಿ ಕೇಳಿಕೊಂಡು ಬರುವುದಿಲ್ಲ.

ಗುಂಡಿ ಒತ್ತಿ ನೋಡಿದೆ, ಕಣ್ಣು ಮುಚ್ಚಿ.
ಮರಗಟ್ಟಿದ ಬೆರಳಿಗೂ ಸಿಗಬೇಕಲ್ಲ.
ಕಪ್ಪಿನದರಲ್ಲಿ ಹದಿನಾಲ್ಕು, ಎಲ್ಲ ಜೋಳದ ಕಾಳು.
ಕೆಂಪಿನದರಲ್ಲಿ ದೊಡ್ಡದೊಂದು,
ಶಾಲೆಯ ಸ್ವೆಟರಿನ ಗುಂಡಿಯ ಹಾಗೆ.
ಅದೇ ನನ್ನ ಒಂದು ತಿಂಗಳ ಸಂಬಳ.
"ರಜಾದಿನವೂ ಅದೇ ನೀರಾ?" ಎಂದಿದ್ದಳು ಹಾಲಮ್ಮ ಬೆಳಿಗ್ಗೆ,
ತಟ್ಟೆಗೆ ರೊಟ್ಟಿ ಹಾಕುತ್ತ.
ಅದೇ ನೀರು. ಉತ್ತರ ಕೊಟ್ಟಿರಲಿಲ್ಲ.

ಒಳಗಿನಿಂದ ಬಕೆಟ್ ತಂದ ಕ್ಲೆಮೆಂಟ್,
ತಳಕ್ಕೆ ಒಂದು ಸಾಸಿವೆ ಕಾಳು ಬಿಟ್ಟ.
ಮೊಣಕೈವರೆಗೆ ಇಳಿಸಿ ಒತ್ತಿದೆ.
ಪರದೆಯ ಮೇಲೆ ಸಾಸಿವೆ, ನಿಂಬೆಹಣ್ಣಿನಷ್ಟು,
ಮೈತುಂಬ ಬಲೆ ಹೆಣೆದಂಥ ಗೆರೆ.
ಬದಿಯಿಂದ ಅರ್ಧಕ್ಕೆ ನುಗ್ಗಿದ್ದು ನನ್ನ ಹೆಬ್ಬೆರಳು.
"ಬೆರಳು ಅಡ್ಡ ಬಂತು, ಇನ್ನೊಂದು ತೆಗೀರಿ."
ಬೇಡ ಎಂದೆ.
ಮಸುಕು ನೀರಲ್ಲಿ ಇಷ್ಟು ವರ್ಷ ಇದೇ ನನಗೆ ಕಣ್ಣು,
ಇದನ್ನೇ ನೋಡಿರಲಿಲ್ಲ.

ಅವನು ರಸೀದಿ ಬರೆಯುವಷ್ಟರಲ್ಲಿ
ಬಕೆಟ್ಟಿಗೆ ಕೈಬಿಟ್ಟು, ಸವರಿ,
ಸಾಸಿವೆಯನ್ನು ಮೇಲೆ ತಂದು ಗಾಜಿನ ಮೇಲಿಟ್ಟೆ.
ತಳದಲ್ಲಿ ಏನನ್ನೂ ಬಿಟ್ಟುಬಂದು ಅಭ್ಯಾಸವಿಲ್ಲ.