ಹಿಮ್ಮಡಿ

ಕಪ್ಚೋರ್ವಾದ ಕೆಮ್ಮಣ್ಣಿನ ಟ್ರ್ಯಾಕು,
ಸುಣ್ಣದ ಗೆರೆ ಇನ್ನೂ ಹಸಿ.
ಕೋಚ್ ಮುಸೋಬೊ ನನ್ನ ಕಿವಿಯಲ್ಲಿ:
"ನೀನು ಗೆಲ್ಲಬೇಕಾಗಿಲ್ಲ.
ಯಾಪ್ಸಿವಾ ಒಳಗೆರೆ ಬಿಟ್ಟು ಹೊರಬರಬಾರದು, ಅಷ್ಟೆ."

ಅಷ್ಟೆ.
ಅವಳ ಮುಂದೆ ದಣಿದ ಚೆಕ್ವೆಲ್, ಎಡಕ್ಕೆ ಹುಲ್ಲಂಚು,
ಬಲಕ್ಕೆ ನಾನು, ಅರ್ಧ ಹೆಜ್ಜೆ ಮುಂದೆ,
ಬಾಗಿಲಿಗೆ ಅಗುಳಿ.
ಅವಳು ನಿಧಾನಿಸಿದರೆ ನಾನೂ.
ಅವಳು ನುಗ್ಗಲು ಉಸಿರೆಳೆದರೆ
ನನ್ನ ಕತ್ತಿಗೆ ಅದು ಮೊದಲೇ ಗೊತ್ತು.
ಮೊಣಕೈ ತಾಗಿಸಲಿಲ್ಲ, ಯಾರನ್ನೂ ತಳ್ಳಲಿಲ್ಲ.
ನಿಯಮದ ಪುಸ್ತಕದಲ್ಲಿ ಹುಡುಕಿದರೂ ನಾನು ಸಿಗುವುದಿಲ್ಲ.

ಕೊನೆಯ ಸುತ್ತಿನ ಗಂಟೆ.
ನಮ್ಮ ಯೆಕೊ ಹೊರಗಿನಿಂದ ಹೋದಳು, ಹೋಗಿಯೇಬಿಟ್ಟಳು.
ಯಾಪ್ಸಿವಾ ನಾಲ್ಕನೆಯವಳು.
ನಾನು ಏಳೋ ಎಂಟೋ, ಯಾರೂ ಬರೆದುಕೊಳ್ಳಲಿಲ್ಲ.
ಕೋಚ್ ಬೆನ್ನು ತಟ್ಟಿದ.

ನಲ್ಲಿಯ ಬಳಿ ಕಲ್ಲಿನ ಮೇಲೆ ಶೂ ಕಳಚುತ್ತಿದ್ದೆ,
ಅವಳೇ ಬಂದಳು.
ಬೈಯಲಿ ಎಂದು ಕಾದೆ.
"ಎರಡನೇ ತಿರುವಿನಲ್ಲಿ ನಿನ್ನ ಹಿಮ್ಮಡಿ ತುಳಿದೆ.
ಬೇಕಂತಲ್ಲ. ನೋವಾಯ್ತಾ?"

ಕಾಲ್ಚೀಲ ಬಿಚ್ಚಿ ಇಬ್ಬರೂ ಬಗ್ಗಿ ನೋಡಿದೆವು.
ಎರಡು ಮೊಳೆಯ ಗುರುತು, ಸ್ವಲ್ಪ ರಕ್ತ,
ಉಳಿದದ್ದು ಮಣ್ಣು.
ಅವಳು ನಲ್ಲಿ ತಿರುಗಿಸಿ ಬೊಗಸೆಯೊಡ್ಡಿದಳು.
ನಾನು ಕಲ್ಲಿನ ಮೇಲೆ
ಬಲಕ್ಕೆ ಸರಿದು ಕೂತೆ.