ಖಾಲಿ ಹೋಲ್ಡರು

ಮೊದಲು ಹೋದದ್ದು ಬಚ್ಚಲಿನ ಬಲ್ಬು.
ಸುಟ್ಟಿರಬೇಕು ಅಂದುಕೊಂಡೆ, ಹೊಸದು ತಂದೆ.
ಆಮೇಲೆ ಅಡುಗೆಮನೆಯದು, ನಡುಮನೆಯದು,
ಕೊನೆಗೆ ನನ್ನ ತಲೆದಿಂಬಿನ ಮೇಲಿನದು,
ನಾನು ಮಲಗಿರುವಾಗಲೇ.
ಬಲ್ಬಿನ ಗಾಜಿನಲ್ಲಿ ಹುಡುಗರು ಟಿಕ್ ಸೇದುತ್ತಾರೆಂದು
ಮಿಚೆಲ್ಸ್ ಪ್ಲೇನಿನಲ್ಲಿ ಕೂಸುಗಳೂ ಬಲ್ಲವು.
ನನಗೆ ಮಾತ್ರ ಪಕ್ಕದ ಮನೆಯವಳು ಹೇಳಬೇಕಾಯಿತು.

ಟಿಕ್. ಎಂಥ ಪುಟ್ಟ ಹೆಸರು, ಗಡಿಯಾರದ್ದು.
ಕತ್ತಲಲ್ಲಿ ಕೂತು ಅದನ್ನೇ ಕೇಳುತ್ತಿದ್ದೆ.

ಐವತ್ತೆರಡು ವರ್ಷ ಐದು ಹೊತ್ತೂ ಬಾಗಿದ ಹಣೆ ಇದು.
ಅತ್ತೆ, ಉಪವಾಸ ಹಿಡಿದೆ,
ಗುಡ್ಡ ಹತ್ತಿ ಸಂತರ ಗೋರಿಗೆ
ಹಸಿರು ಚಾದರ ಹೊದಿಸಿ ಬಂದೆ.
ಚಾದರ ಕೊಂಡು ಉಳಿದ ಚಿಲ್ಲರೆಯನ್ನು
ಅಂದೇ ರಾತ್ರಿ ಅವನು ಕದ್ದ.
ನಮಾಜಿನ ಚಾಪೆ ಸುತ್ತಿ ಕಪಾಟಿನ ಮೇಲೆಸೆದು
ಚಾವಣಿಗೆ ಹೇಳಿದೆ:
ನಿನಗೇನು ಬಿಡು, ನಿನ್ನ ಮನೆಯ ದೀಪ
ಯಾರೂ ತಿರುಚಿ ಒಯ್ಯುವುದಿಲ್ಲ.

ಒಂದು ಶುಕ್ರವಾರ ಮಸೀದಿಯ ಬಾಗಿಲಲ್ಲಿ
ಹನ್ನೊಂದು ಜೊತೆ ಬೂಟು ಚೀಲಕ್ಕೆ ತುಂಬಿಸಿಕೊಂಡು
ಓಡಲಾರದೆ ಸಿಕ್ಕಿಬಿದ್ದ ನನ್ನ ತಶ್ರೀಕ.
ಹದಿನೈದು ವರ್ಷ; ತೂಕ, ಒದ್ದೆ ಬೆಕ್ಕಿನದು.
ಜೋಡು ಕಾಯುವ ಗಸಾಂತಜ್ಜ
ಪೊಲೀಸರನ್ನು ಕರೆಯಲಿಲ್ಲ. ಬೋಧನೆ ಮಾಡಲಿಲ್ಲ.
"ಯಾವುದು ಎಲ್ಲಿತ್ತೋ ಅಲ್ಲೇ ಇಡು."
ಎಲ್ಲಿತ್ತೆಂದು ಇವನಿಗೆಲ್ಲಿ ನೆನಪು?
"ಹಾಗಾದರೆ ನಾಳೆ ಬಾ."

ಮೊದಲ ವಾರ ಗೂಡುಗಳ ಕೆಳಗೆ ಮುದುಡಿ
ನಡುಗಿದ, ಬೈದ, ಕಕ್ಕಿದ.
ಮುದುಕ ಪಕ್ಕದಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದ,
ತಾನೂ ಒಂದು ಕಾಲಕ್ಕೆ
ಒಡೆದ ಬಾಟಲಿಯ ಕತ್ತಿಗೆ ಬಾಯಿಟ್ಟವನು.
"ದೇವರು ಬಿಡಿಸಿದ ಅಂತ ನಾನು ಹೇಳೋದಿಲ್ಲ ಮಗಾ.
ಬಿಟ್ಟ ಮೇಲೆ ಈ ಕೈಗಳನ್ನ ಏನು ಮಾಡೋದು
ಅಂತ ಕೂತಿದ್ದಾಗ
ಅವುಗಳಿಗೆ ಒಂದು ಕೆಲಸ ಕೊಟ್ಟ."

ಈಗ ಇವನಿಗೆ ಊರಿನ ಪಾದಗಳೆಲ್ಲ ಗೊತ್ತು.
"ಓಮಾ, ಕಟುಕನ ಎಡ ಹಿಮ್ಮಡಿ ಸವೆದಿದೆ.
ಡಾಕ್ಟರ ಅಟ್ಟೆಯಲ್ಲಿ ತೂತು, ಯಾರಿಗೂ ಹೇಳಬೇಡ.
ಎಲ್ಲರೂ ಒಳಗೆ ಒಟ್ಟಿಗೆ ಬಾಗಿದಾಗ
ಹೊರಗೆ ನಾನು, ಇಷ್ಟು ಖಾಲಿ ಜೋಡು.
ಆಗ ತಲೆಯೊಳಗಿನ ಸದ್ದು ಒಂಚೂರು ನಿಲ್ಲುತ್ತೆ.
ಅದೇ ಏನು, ಪ್ರಾರ್ಥನೆ ಅಂದರೆ?"
ಐವತ್ತೆರಡು ವರ್ಷದ ಹಣೆಗೆ
ಉತ್ತರ ಹೊಳೆಯಲಿಲ್ಲ. ಸಾರು ಬಡಿಸಿದೆ.

ಜುಲೈನಲ್ಲಿ ಮತ್ತೆ ಹೋದ.
ನಾಲ್ಕು ದಿನ. ಎಲ್ಲಿ, ಯಾರೊಡನೆ, ಕೇಳಬೇಡಿ.
ಐದನೆಯ ದಿನ ಬರಿಗಾಲಲ್ಲಿ
ಮಸೀದಿಯ ಮೆಟ್ಟಿಲ ಹತ್ತಿರ ನಿಂತಿದ್ದನಂತೆ, ಒಳಗೂ ಇಲ್ಲ ಹೊರಗೂ ಇಲ್ಲ.
ಅವನು ಬಿಟ್ಟುಹೋದ ಹರಿದ ಕ್ಯಾನ್ವಾಸ್ ಬೂಟು
ಮೊದಲನೆಯ ಗೂಡಿನಲ್ಲೇ ಇತ್ತು,
ಎಡ ಎಡಕ್ಕೆ, ಬಲ ಬಲಕ್ಕೆ,
ಹೊಸ ಲಾಡಿ ಪೋಣಿಸಿ.

ಅಲ್ಲಿಂದ ಇವತ್ತಿಗೆ ನಲವತ್ತೊಂದು ದಿನ.
ನಾನು ಎಣಿಸುತ್ತೇನೆ, ಅವನು ಎಣಿಸುವುದಿಲ್ಲ.

ಮೊನ್ನೆ ಮಂಗಳವಾರ ಒಂದು ಬಲ್ಬು ಕೊಂಡು
ಮೇಜಿನ ನಡುವೆ ಇಟ್ಟು ಹೊರಗೆ ಹೋದೆ.
ಪರೀಕ್ಷೆಯೇ ಅನ್ನಿ. ಹೆಮ್ಮೆಯ ಮಾತಲ್ಲ.
ಬೇಕೆಂದೇ ತಡಮಾಡಿ ಬಂದೆ.
ಬಲ್ಬು ಅಲ್ಲೇ ಇತ್ತು. ಇವನು ಅದರೆದುರು ಕೂತಿದ್ದ,
ಎರಡೂ ಅಂಗೈ ತೊಡೆಯ ಕೆಳಗೆ ಒತ್ತಿಕೊಂಡು,
ಮುಖದ ತುಂಬ ಬೆವರು.
ಎಷ್ಟು ಹೊತ್ತಿನಿಂದಲೋ.
"ಓಮಾ, ಕುರ್ಚಿ ಹಿಡಿದುಕೋ" ಅಂದ.

ಹಿಡಿದುಕೊಂಡೆ.
ಬಿಚ್ಚುವುದನ್ನು ಮಾತ್ರ ಬಲ್ಲ ಬೆರಳುಗಳು
ಆ ಕಡೆಗೆ ತಿರುಗಿಸುವುದನ್ನು ಮರೆತಿದ್ದವು; ಎರಡು ಸಲ ತಪ್ಪಿತು,
ಮೂರನೆಯ ಸಲ ಕೂತಿತು.

ಬೆಳಕು ಬಂತೆಂದು ಬರೆದರೆ ಸುಳ್ಳಾಗುತ್ತದೆ.
ಆ ಹೊತ್ತು ಕರೆಂಟು ತೆಗೆಯುವ ಸರದಿ ನಮ್ಮ ಬೀದಿಯದು,
ಎಂಟೂವರೆಯವರೆಗೆ.
ಸಮುದ್ರದ ಗಾಳಿ ತಗಡು ಬಡಿಯುತ್ತಿತ್ತು.
ಕೆಳಗೆ ನಾವಿಬ್ಬರು, ಮುಖ ಕಾಣದೆ.
ಬಹಳ ಹೊತ್ತಿನ ಮೇಲೆ ಕೇಳಿದ:
"ಓಮಾ, ಸ್ವಿಚ್ಚು ಹಾಕಿದ್ದೀಯಲ್ಲ?"

ಹಾಕಿದ್ದೇನೆ ಅಂದೆ.