ಮುಚ್ಚಳ

ಎಲ್ ಆಲ್ತೊ, ಬೊಲಿವಿಯಾದ ನೆತ್ತಿ.
ಸಮುದ್ರದಿಂದ ನಾಲ್ಕು ಸಾವಿರ ಮೀಟರ್ ಮೇಲೆ
ನನ್ನ ಏಳನೆಯ ಕ್ಲಾಸಿನ ಸ್ಟವ್ ಮೇಲೆ ನೀರು
ಎಂಬತ್ತಾರು ಡಿಗ್ರಿಗೇ ಕೊತಕೊತ ಅನ್ನುತ್ತದೆ.
ಪುಸ್ತಕ ನೂರು ಅನ್ನುತ್ತದೆ.
ಪುಸ್ತಕ ಅಚ್ಚಾದದ್ದು ಕೆಳಗೆಲ್ಲೋ.

ಥರ್ಮಾಮೀಟರು ಕೆಟ್ಟಿದೆ ಎಂದ ಎಡ್ಸಾನ್ ಅಪಾಸಾ.
ಇನ್ನೊಂದು ಕೊಟ್ಟೆ. ಅದೂ ಎಂಬತ್ತಾರು.
'ಹಾಗಾದರೆ ಎರಡೂ ಕೆಟ್ಟಿವೆ.'
ಈ ಹುಡುಗನ ಮೇಲೆ ನನಗೆ ಒಳಗೊಳಗೇ ಅಕ್ಕರೆ.
ಹೇಳಿದ್ದನ್ನೆಲ್ಲ ನಂಬುವುದಾದರೆ
ಸ್ಟವ್ ಯಾಕೆ ಹಚ್ಚಬೇಕಿತ್ತು?

ಗಾಳಿ ಒಂದು ಕಂಬಳಿ, ಎಂದೆ.
ಕೆಳಗಿನವರು ಹೊದ್ದದ್ದು ದಪ್ಪ, ನಮ್ಮದು ತೆಳು.
ಹೊದಿಕೆ ತೆಳುವಾದರೆ ನೀರು ಬೇಗ ಎದ್ದುಬಿಡುತ್ತದೆ,
ಎದ್ದ ಮಾತ್ರಕ್ಕೆ ಕೆಲಸ ಸಾಗುತ್ತದೆಯೇ?
ಪಾತ್ರೆಯ ತಳದಲ್ಲಿ ಆಲೂಗಡ್ಡೆ
ಮುಕ್ಕಾಲು ಗಂಟೆಯಿಂದ
ಕಲ್ಲಿನ ಹಾಗೆ ಕೂತಿದೆ, ನೋಡಿ.

ಆಮೇಲೆ ಸೂಜಿಯಿಲ್ಲದ ಸಿರಿಂಜು.
ಚಹಾದಷ್ಟು ಬಿಸಿ ನೀರು, ಕಾಲು ಭಾಗ.
ತುದಿಗೆ ಹೆಬ್ಬೆರಳು ಒತ್ತಿ
ದಂಡವನ್ನು ಹಿಂದಕ್ಕೆ ಎಳೆದರೆ
ಬೆಂಕಿಯಿಲ್ಲದೆ, ಹೊಗೆಯಿಲ್ಲದೆ
ಮುಷ್ಟಿಯೊಳಗೇ ಕುದಿ!
ಬಿಟ್ಟರೆ, ಏನೂ ಆಗದವರ ಹಾಗೆ ನೀರು.
ಮೂವತ್ತೊಂದು ಮಕ್ಕಳಿಗೆ ಎರಡೇ ಸಿರಿಂಜು;
ಆ ಜಗಳ ನಾನಿಲ್ಲಿ ಬರೆಯುವುದಿಲ್ಲ.

ಶುಕ್ರವಾರ ಕೇಬಲ್ ಕಾರು.
ಹಳದಿ ಡಬ್ಬಿಯಲ್ಲಿ ಅರ್ಧ ದಾರಿ, ಹಸಿರಿನಲ್ಲಿ ಉಳಿದದ್ದು.
ಲಿಸ್ಬೆತ್ ತಾರ್ಕಿಯ ತೊಡೆಯ ಮೇಲೆ
ಎರಡು ಲೀಟರಿನ ಖಾಲಿ ಸೋಡಾ ಬಾಟಲಿ,
ಮೇಲೆ ಹತ್ತುವಾಗಲೇ ಬಿಗಿದ ಮುಚ್ಚಳ.
ಕಾಲಡಿ ಇಟ್ಟಿಗೆಯ ಮನೆ, ಒಣಹಾಕಿದ ಬಟ್ಟೆ,
ಮಾಡಿನ ಮೇಲೆ ಬೊಗಳುವ ನಾಯಿ,
ಆಮೇಲೆ ಈಜುಕೊಳ, ಹುಲ್ಲುಹಾಸು.
ಟಕ್ ಎಂದಿತು ಬಾಟಲಿ.
ಸ್ವಲ್ಪ ಹೊತ್ತಿಗೆ ಮತ್ತೆ ಟಕ್. ಪಕ್ಕೆ ಒಳಸರಿಯಿತು.
ಎದುರಿಗೆ ಕೂತ, ಬೌಲರ್ ಟೋಪಿಯ ಅಜ್ಜಿ
'ಅಯ್ಯೋ, ಏನಾಯ್ತೇ ಅದಕ್ಕೆ?' ಎಂದಳು,
ಕರುವಿಗೆ ಕಾಯಿಲೆಯಾದ ದನಿಯಲ್ಲಿ.

ಕೆಳಗಿನ ದಪ್ಪ ಗಾಳಿ ಹೊರಗಿನಿಂದ ಅದುಮುತ್ತದೆ,
ಒಳಗಿರುವುದು ನಮ್ಮ ತೆಳು ಗಾಳಿ, ತಡೆಯಲಾರದು
ಎಂದು ವಿವರಿಸಿ ನಾನು ಗೆದ್ದವಳಂತೆ ಕೂತಿದ್ದೆ.

ಲಿಸ್ಬೆತ್ ಕೇಳಿದಳು:
'ಅಮ್ಮ ದಿನಾ ಐದು ಗಂಟೆಗೆ ಇದರಲ್ಲೇ ಇಳಿಯುತ್ತಾಳೆ,
ಇಲ್ಲಿನ ಒಂದು ಮನೆಗೆ, ನೆಲ ಒರೆಸಲು.
ಅವಳೂ ಹೀಗೆ ಒಳಗೆ ಹೋಗುತ್ತಾಳಾ?'

ಒಳ್ಳೆಯ ಪ್ರಶ್ನೆ, ಎಂದೆ. ಇಲ್ಲ ಮಗು.
ಬಾಟಲಿಗೆ ಮುಚ್ಚಳವಿದೆ, ಅಮ್ಮನಿಗಿಲ್ಲ.
ಮೂಗಿದೆ, ಬಾಯಿದೆ, ಕಿವಿಯೊಳಗೂ ಒಂದು ಸಣ್ಣ ದಾರಿ.
ಹೊರಗಿನದು ಒಳಗೆ ಬಂದು
ಎರಡೂ ಸಮವಾಗುತ್ತದೆ.

'ಆ ಮನೆಯಲ್ಲಿ ಅವಳು ಬಾಯಿ ತೆರೆಯುವುದಿಲ್ಲ, ಟೀಚರ್.'

ಡಬ್ಬಿ ನಿಲ್ದಾಣದೊಳಗೆ ಓಲಾಡಿ ನಿಂತಿತು.
ನಾನು ಮಕ್ಕಳ ತಲೆ ಎಣಿಸತೊಡಗಿದೆ.
ಇಬ್ಬರು ಕಡಿಮೆ ಬಂದರು; ಮತ್ತೆ ಎಣಿಸಿದೆ.

ಸೋಮವಾರ ಅವಳು ಇನ್ನೊಂದು ಬಾಟಲಿ ತಂದಳು.
ಆ ಮನೆಯ ಅಡುಗೆಕೋಣೆಯಲ್ಲಿ, ಕೇಳಿಕೊಂಡ ಹಾಗೆ,
ಅಮ್ಮನೇ ಮುಚ್ಚಿದ್ದು. ಒಳಗೆ ಬರೀ ಗಾಳಿ.
ಇಲ್ಲಿಗೆ ಬರುವಷ್ಟರಲ್ಲಿ ಬಿಗಿದು
ತಮಟೆಯ ಹಾಗಾಗಿತ್ತು, ಬೆರಳು ತಾಗಿದರೆ ಢಣ್.
ತೆಗಿ ತೆಗಿ ಎಂದು ಇಡೀ ಕ್ಲಾಸು ಬೆಂಚು ಬಡಿಯಿತು.
ಅವಳು ಕಿಟಕಿಯ ಹತ್ತಿರ ಹೋಗಿ
ಬಾಟಲಿಯ ಬಾಯನ್ನು ಕಿವಿಗೆ ಒತ್ತಿಕೊಂಡು
ಒಬ್ಬಳೇ, ನಿಧಾನಕ್ಕೆ, ತಿರುವಿದಳು.

ಏನು ಕೇಳಿಸಿತು? ಎಂದೆ.
'ಗಾಳಿ, ಟೀಚರ್. ಗಾಳಿ ಅಷ್ಟೆ.'
ಅದನ್ನೇ ದಪ್ಪಕ್ಷರದಲ್ಲಿ ಬರೆದುಕೊಂಡಳು,
ದಿನಾಂಕ ಹಾಕಿ, ಅಡಿಗೆರೆ ಎಳೆದು.

ಎಡ್ಸಾನ್ ಮಾತ್ರ ನಂಬಲಿಲ್ಲ.